ಮಾತ್ರೆಯ ಗುಟ್ಟು ಕಾಯ್ದವನು

ಅವಳು ಲಿಫ್ಟ್ ಹತ್ತಿದರೆ ಅವನು ಇಳಿದುಬಿಡುತ್ತಿದ್ದ. ಕ್ಯಾಂಟೀನಿನಲ್ಲಿ ಎದುರಾದರೆ ಟೀ ಲೋಟ ಹಿಡಿದುಕೊಂಡು ಮೂಲೆಯ ಮೇಜಿಗೆ ಸರಿಯುತ್ತಿದ್ದ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ವರ್ಷಗಳು ಕಳೆದಂತೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಸುಸ್ತು.

ಆಸ್ಪತ್ರೆಯ ಹಿಂದಿನ ಆ ಕಟ್ಟಡದಲ್ಲಿ ನಡೆಯುತ್ತಿದ್ದದ್ದು ಸ್ತನ ಕ್ಯಾನ್ಸರ್ ಬಾರದಂತೆ ತಡೆಯಬಹುದಾದ ಮಾತ್ರೆಯೊಂದರ ಪರೀಕ್ಷೆ. ಸೇರಿದ ಹೆಂಗಸರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಬಂದ ರಿಪೋರ್ಟುಗಳನ್ನು ತಾಳೆ ನೋಡಿ, ಬಿಟ್ಟುಹೋದದ್ದನ್ನು ಫೋನು ಮಾಡಿ ಕೇಳಿ, ತಪ್ಪು ತಿದ್ದಿಸಿ ಕಂಪ್ಯೂಟರಿಗೆ ಸೇರಿಸುವ ಡೇಟಾ ಮ್ಯಾನೇಜರ್ ಅವಳು, ಅವಳಿಗೂ ಗೊತ್ತಿಲ್ಲ. ಅಲ್ಲಿ ಗೊತ್ತಿದ್ದದ್ದು ಅಂಕಿಅಂಶಗಳ ಲೆಕ್ಕ ಹಾಕುವ ಅವನೊಬ್ಬನಿಗೇ. ಬಾಯಿಂದ ಏನೂ ಸೋರದ ಆ ಮನುಷ್ಯನನ್ನು ಎಲ್ಲರೂ ಗೋಡೆ ಸಾಹೇಬ್ರು ಅನ್ನುತ್ತಿದ್ದರು.

ಮಾತ್ರೆ ನುಂಗುವವರಲ್ಲಿ ಅವಳ ಅಕ್ಕನೂ ಒಬ್ಬಳು. ಅಮ್ಮ ಹೋದದ್ದು ಅದೇ ಕಾಯಿಲೆಯಲ್ಲಿ. ಅಕ್ಕನ ವಿವರಗಳನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಆದರೂ ಒಂದು ದಿನ ತಡೆಯಲಾರದೆ ಅವಳು ಅವನನ್ನು ಕೇಳಿಬಿಟ್ಟಿದ್ದಳು.

"ಬಾಯಿ ಬಿಡೋದೂ ಬೇಡ ಸಾರ್. ಸುಮ್ನೆ ತಲೆ ಆಡಿಸಿ. ಅಕ್ಕನಿಗೆ ಸಿಕ್ಕಿರೋದು ನಿಜವಾದದ್ದೇ ತಾನೆ?"

ಅವನು ಕಿವಿಯವರೆಗೂ ಕೆಂಪಾಗಿ ಹೊರಟುಹೋದ. ಅಂದಿನಿಂದಲೇ ಈ ಕಣ್ಣುಮುಚ್ಚಾಲೆ.

"ಏನಂತೆ ನಿನ್ನ ಗೋಡೆ?" ಎಂದು ಅಕ್ಕ ಛೇಡಿಸುತ್ತಿದ್ದಳು.

"ನನ್ನದ್ಯಾಕೆ ಆಗತ್ತೆ? ಮುಖ ಕೊಟ್ಟು ಮಾತಾಡಲ್ಲ ಆ ಮನುಷ್ಯ."

"ಬೈಯೋ ನೆಪದಲ್ಲಿ ದಿನಾ ಅವನ ಸುದ್ದೀನೇ ತೆಗೀತೀಯಲ್ಲೇ!"

ಅವಳಿಗೆ ಕನ್ನಡಕ ಬಂದಮೇಲೆ ರಿಪೋರ್ಟುಗಳ ಬಗ್ಗೆ ಅವನು ಕಂಪ್ಯೂಟರಿನಲ್ಲಿ ಕಳಿಸುವ ಪ್ರಶ್ನೆಗಳೆಲ್ಲ ದೊಡ್ಡ ಅಕ್ಷರದಲ್ಲಿ ಬರತೊಡಗಿದ್ದವು. ಕಂಪ್ಯೂಟರೇ ಹಾಗೆ ಮಾಡುತ್ತದೆ ಎಂದುಕೊಂಡಿದ್ದಳು. ಕಂಪ್ಯೂಟರಿಗೆ ಅಷ್ಟು ಅಂತಃಕರಣ ಎಲ್ಲಿಂದ ಬರಬೇಕು?

ಕೊನೆಗೆ ಮಾಹಿತಿಗೆಲ್ಲ ಬೀಗ ಬಿತ್ತು. ಇನ್ನು ಯಾರೂ ಏನೂ ತಿದ್ದುವಂತಿಲ್ಲ. ಲೆಕ್ಕ ಮುಗಿದು, ಬೆಳಗಿನ ಮೀಟಿಂಗಿನಲ್ಲಿ ಫಲಿತಾಂಶ ಹೇಳಿದರು. ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಮಾತ್ರೆ ಕಾಯಿಲೆಯನ್ನು ತಡೆಯುವುದಿಲ್ಲ.

ಸಂಜೆ ಅವಳು ತನ್ನ ಮೇಜಿನ ಡ್ರಾಯರ್ ಖಾಲಿ ಮಾಡತೊಡಗಿದಳು. ಬಾಗಿಲಲ್ಲಿ ಅವನು ನಿಂತಿದ್ದ.

"ಮುಂದಿನ ಅಧ್ಯಯನಕ್ಕೆ ನೀವಿರಲ್ವಂತೆ?"

"ಸಾಕಾಗಿದೆ ಸಾರ್. ಇಷ್ಟು ವರ್ಷ ಒದ್ದಾಡಿ ಸಿಕ್ಕಿದ್ದೇನು?"

"ಇನ್ಮೇಲೆ ಯಾವ ಹೆಣ್ಣುಮಗಳೂ ಕ್ಯಾನ್ಸರ್ ಬರಬಾರದು ಅಂತ ಸುಮ್ಸುಮ್ನೆ ಇದನ್ನ ನುಂಗೋ ಹಾಗಿಲ್ಲ. ನಿಮ್ಮ ಕೆಲಸ ಅಷ್ಟು ಚೊಕ್ಕ ಇರದಿದ್ರೆ ಇದನ್ನ ನಂಬೋಕೇ ಆಗ್ತಿರ್ಲಿಲ್ಲ." ಅವನ ದನಿಯಲ್ಲೂ ಆಯಾಸವಿತ್ತು. "ನಿಮ್ಮಕ್ಕನಿಗೆ ಸಿಕ್ಕಿದ್ದು ಯಾವುದು ಅಂತ ಅವರಿಗೇ ಕಾಗದ ಹೋಗತ್ತೆ. ಅಲ್ಲಿವರೆಗೂ ನಾನು..."

"ಹೇಳ್ಬೇಡಿ. ನಾನು ಕೇಳೋದೂ ಇಲ್ಲ." ಅವಳಿಗೇ ಆಶ್ಚರ್ಯವಾಯಿತು. ಈಗಲೂ ಬಾಯಿ ಬಿಡದವನ ಮೇಲೆ ಸಿಟ್ಟು ಬರಲಿಲ್ಲ, ನೆಮ್ಮದಿಯೆನಿಸಿತು. "ಆದ್ರೆ ನನ್ನ ಕಂಡ್ರೆ ಯಾಕೆ ಓಡ್ತಿದ್ರಿ?"

"ನಿಮ್ಮೆದುರು ನಿಂತ್ರೆ ನನ್ನ ಮುಖವೇ ಹೇಳಿಬಿಡ್ತಿತ್ತು."

"ಮಾತ್ರೆ ವಿಷಯಾನಾ?"

"ಅದನ್ನೂ." ಅವನು ನೆಲ ನೋಡುತ್ತಿದ್ದವನು ತಲೆಯೆತ್ತಿದ. "ಮುಂದಿನ ಸಲ ಈ ಗುಟ್ಟು ಕಾಯೋ ಕೆಲಸ ನನಗೆ ಬೇಡ ಅಂತ ಬರೆದುಕೊಟ್ಟಿದ್ದೀನಿ. ಇನ್ನೊಂದು ಸಲ ನಿಮ್ಮಿಂದ ಮುಖ ತಿರುಗಿಸ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."

ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ಅವಳು ನೋಡಿಯೇ ಇರಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ನೆಲಕ್ಕಿಟ್ಟಳು. ಅವನು ಕೂತ.

ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಹ್ಞೂಂ ಅಕ್ಕ, ಫಲಿತಾಂಶ ಬಂತು, ಮನೆಗೆ ಬಂದು ಹೇಳ್ತೀನಿ. ಸ್ವಲ್ಪ ತಡ ಆಗತ್ತೆ." ಅವಳು ಅವನತ್ತ ನೋಡಿದಳು. "ಇಲ್ಲ, ಕೆಲಸ ಅಲ್ಲ."