ಐವತ್ತೆರಡು ಸೆಕೆಂಡು

ಕಳುವಾದ ಮಾಲು ಸಿಕ್ಕಿದ್ದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ, ಬಸ್ಸಿನಲ್ಲಿ.

ಪಕ್ಕದ ಸೀಟಿನ ನರ್ಸ್ ಫೋನು ನೋಡುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಲ್ಯಾಬ್ ಮೇಡಂ ಸುಮ್ಮನೆ ಕಣ್ಣು ಹಾಯಿಸಿದರು. ಉರಿಯುತ್ತಿರುವ ಗಿರಣಿ. ಬಾಗಿಲಲ್ಲಿ ಮನೆಯ ಹಿರಿಯ ಮಗಳು. ಕೈಯಲ್ಲಿ ಸೀಮೆಎಣ್ಣೆ ಡಬ್ಬ.

ಅದು ಹತ್ತನೆಯ ಕಂತು. ಸರಣಿಯ ಕೊನೆಯ ಕಂತು. ಜನ ನೋಡಬೇಕಾಗಿದ್ದದ್ದು ಇನ್ನು ಹದಿನೆಂಟು ದಿನಕ್ಕೆ.

ಗಿರಣಿಗೆ ಬೆಂಕಿ ಇಟ್ಟವರು ಯಾರು? ಏಳು ವಾರದಿಂದ ಊರೆಲ್ಲ ಅದೇ ಮಾತು. ಮೇಡಂ ಕೆಲಸ ಮಾಡುವ ಕಂಪನಿ ಆ ಒಂದು ಪ್ರಶ್ನೆಯ ಮೇಲೆಯೇ ನಿಂತಿತ್ತು. ಎದುರಾಳಿ ಕಂಪನಿಯ ಭಂಡಾರದಲ್ಲಿ ಸಾವಿರಾರು ಸಿನಿಮಾ, ಸರಣಿಗಳಿದ್ದವು. ಹೊಸದು ಬಂದರೆ ಹತ್ತೂ ಕಂತನ್ನು ಒಂದೇ ದಿನ ಸುರಿಯುತ್ತಿದ್ದರು. ಇವರ ಭಂಡಾರ ಚಿಕ್ಕದು. ಅದಕ್ಕೇ ಶುಕ್ರವಾರಕ್ಕೊಂದು ಕಂತು. ಜನರನ್ನು ಕಾಯಿಸಿದಷ್ಟು ದಿನ ಬಾಳು.

“ಎಲ್ಲಿ ಸಿಕ್ತಮ್ಮ ಇದು?” ಎಂದು ಮೇಡಂ ಕೇಳಿದರು.

“ಎಲ್ಲರ ಹತ್ರಾನೂ ಇದೆಯಲ್ಲ. ನಿಮಗೆ ಬಂದಿಲ್ವಾ?”

\*

ಮೇಡಂ ಹದಿನೈದು ವರ್ಷ ಪೊಲೀಸ್ ಪ್ರಯೋಗಾಲಯದಲ್ಲಿ ಧ್ವನಿ, ಚಿತ್ರಗಳ ಪರೀಕ್ಷೆ ಮಾಡಿದವರು. ಆ ಹೆಸರು ಅಲ್ಲಿಂದಲೇ ಅಂಟಿಕೊಂಡಿತ್ತು. ಈ ಕಂಪನಿಗೆ ಕರೆತಂದವರು ಭಾವ, ಅಕ್ಕನ ಗಂಡ. ಬಿಡುಗಡೆ ವಿಭಾಗದ ಮುಖ್ಯಸ್ಥರು. ಯಾವ ಕಂತು ಯಾವ ದಿನ ಹೊರಗೆ ಹೋಗಬೇಕು ಎನ್ನುವುದೆಲ್ಲ ಅವರ ಕೈಯಲ್ಲಿತ್ತು.

ಮೊದಲು ಎಲ್ಲರ ಬೆರಳೂ ಎದುರಾಳಿಯ ಕಡೆಗೇ ತಿರುಗಿತು. ಈ ಸರಣಿಯನ್ನು ತಮಗೆ ಕೊಡಿ ಎಂದು ಅವರು ಎರಡು ಸಲ ಕೇಳಿದ್ದರು. ಕಂಪನಿಯ ಯಜಮಾನರು ಎರಡು ಸಲವೂ ಆಗುವುದಿಲ್ಲ ಎಂದಿದ್ದರು.

ಆದರೆ ಮುಂಗಡವಾಗಿ ಕಳಿಸುವ ಪ್ರತಿಯೊಂದು ಕಂತಿನ ಚಿತ್ರದೊಳಗೂ ಕಣ್ಣಿಗೆ ಕಾಣದ ಒಂದು ಸಂಖ್ಯೆ ಇರುತ್ತದೆ. ಯಾರಿಗೆ ಕಳಿಸಿದ್ದೋ ಅವರ ಸಂಖ್ಯೆ. ಹತ್ತು ಗಂಟೆಯ ಹೊತ್ತಿಗೆ ಮೇಡಂ ಅದನ್ನು ಹೊರತೆಗೆದರು. ಹದಿನೇಳು.

ಹದಿನೇಳು ಎಂದರೆ ಸಬ್‌ಟೈಟಲ್ ಅಮ್ಮ. ಮನೆಯಲ್ಲೇ ಕೂತು ಸಂಭಾಷಣೆಯನ್ನು ಅಡಿಬರಹವಾಗಿ ಬರೆದುಕೊಡುವ ಹೆಂಗಸು.

ಯಜಮಾನರು ತಡ ಮಾಡಲಿಲ್ಲ. ಸಂಜೆ ಐದು ಗಂಟೆಗೆ ಪೊಲೀಸ್ ದೂರು ಹೋಗಬೇಕು, ಜೊತೆಗೆ ಮೇಡಂ ಅವರ ವರದಿ. ಇನ್ನು ಯಾವ ಸ್ಟುಡಿಯೋದಲ್ಲೂ ಆಕೆಗೆ ಕೆಲಸ ಸಿಗದಂತೆ ಎಲ್ಲರಿಗೂ ಪತ್ರ. ಉಳಿದ ಮೂರು ಕಂತುಗಳ ಎಲ್ಲ ಪ್ರತಿಗಳಿಂದಲೂ ಆಕೆಯ ಹೆಸರು ತೆಗೆಯಿರಿ ಎಂದು ಆಗಲೇ ಹೇಳಿಯಾಗಿತ್ತು. ಯಂತ್ರಕ್ಕೆ ಆರು ಗಂಟೆಯ ಕೆಲಸ.

“ಬೇಗ ಮುಗಿಸು ಪುಟ್ಟಿ” ಎಂದರು ಭಾವ, ಹೆಗಲು ತಟ್ಟಿ. “ಪಾಪ ಅಂತ ಕೂತ್ರೆ ಕೆಲಸ ಆಗಲ್ಲ.”

\*

ಆಫೀಸಿಗೆ ಕರೆಸಿದ್ದ ಸಬ್‌ಟೈಟಲ್ ಅಮ್ಮನಿಗೆ ಐವತ್ತರ ಮೇಲೆ ವಯಸ್ಸು. ಕನ್ನಡಕಕ್ಕೆ ದಾರ. ಬಟ್ಟೆಯ ಚೀಲದಲ್ಲಿ ಲ್ಯಾಪ್‌ಟಾಪ್. ಆಕೆ ಅಳಲಿಲ್ಲ, ಕೂಗಾಡಲೂ ಇಲ್ಲ.

“ಇಪ್ಪತ್ತೆರಡು ವರ್ಷ ಬೇರೆಯವರ ಮಾತು ಬರೆದಿದೀನಿ ಮೇಡಂ. ಇವತ್ತು ನನ್ನ ಒಂದು ಮಾತನ್ನ ಯಾರೂ ನಂಬ್ತಿಲ್ಲ.”

ನಂಬುವುದು, ಬಿಡುವುದು ತನ್ನ ಕೆಲಸವಲ್ಲ, ಅಳೆಯುವುದಷ್ಟೇ ತನ್ನ ಕೆಲಸ ಎಂದರು ಮೇಡಂ. ಸೋರಿದ ಕಂತಿಗೆ ಆಕೆಯ ಅಡಿಬರಹ ಜೋಡಿಸಿ ಓಡಿಸಿದರು. ತೆರೆಯ ಮೇಲೆ ಅಪ್ಪ ಸಾಲ ಕೊಟ್ಟವನ ಕಾಲು ಹಿಡಿಯುತ್ತಿದ್ದಾನೆ. ಕೆಳಗೆ ಇಬ್ಬರು ತಂಗಿಯರ ಜಗಳದ ಮಾತು ಬರುತ್ತಿದೆ. ಅದು ಎಷ್ಟೋ ವಾರದ ಹಿಂದಿನ ಜಗಳ.

ಮೇಡಂ ಇಪ್ಪತ್ತು ಕಡೆ ನಿಲ್ಲಿಸಿ ಲೆಕ್ಕ ಹಾಕಿದರು. ಪ್ರತಿ ಸಾಲೂ ತಡ. ಪ್ರತಿ ಸಲವೂ ಐವತ್ತೆರಡು ಸೆಕೆಂಡು, ಹೆಚ್ಚಿಲ್ಲ, ಕಡಿಮೆಯಿಲ್ಲ. ಬರೆಯುವವರು ತಪ್ಪಿದರೆ ವ್ಯತ್ಯಾಸ ಏರಿಳಿಯುತ್ತದೆ. ಇಲ್ಲಿ ಏರಿಳಿತವೇ ಇಲ್ಲ. ಅಂದರೆ ಆರಂಭದಲ್ಲೇ ಏನೋ ಇಲ್ಲ.

ವಾರಕ್ಕೊಂದು ಕಂತು ಬಿಡುವವರು ಮೊದಲಿಗೆ ಹಿಂದಿನ ಕಂತುಗಳ ತುಣುಕು ತೋರಿಸುತ್ತಾರೆ, ಜನ ಮರೆತಿರುತ್ತಾರೆಂದು. ಸೋರಿದ ಪ್ರತಿಯಲ್ಲಿ ಆ ತುಣುಕು ಇರಲಿಲ್ಲ.

“ನೀವೇ ಕತ್ತರಿಸಿರಬಹುದಲ್ಲ?”

“ಚಿತ್ರ ಕತ್ತರಿಸಬಹುದು” ಎಂದಳು ಆಕೆ. “ಸದ್ದು ಕೇಳಿ.”

ಆಕೆಯ ಪ್ರತಿಯಲ್ಲಿ ಹಿಂದಿನ ತುಣುಕಿನ ಡೋಲಿನ ಸದ್ದು ಮೊದಲ ದೃಶ್ಯದ ಮೇಲೂ ಎರಡು ಸೆಕೆಂಡು ಹರಿದಿತ್ತು. ಸೋರಿದ ಪ್ರತಿಯಲ್ಲಿ ಅದೇ ಎರಡು ಸೆಕೆಂಡಿನಲ್ಲಿ ಡೋಲು ಇಲ್ಲ. ಬರೀ ಮಗ್ಗದ ಸದ್ದು, ಸ್ವಚ್ಛವಾಗಿ.

\*

ಧ್ವನಿ ಕೋಣೆಯ ಎಂಜಿನಿಯರ್ ಕಾಫಿ ಕುಡಿಯುತ್ತಿದ್ದ. ಬೆರೆಸಿದ ಸದ್ದಿನಿಂದ ಡೋಲನ್ನಷ್ಟೇ ಹೀಗೆ ತೆಗೆಯಲಾದೀತೇ ಎಂದರೆ ಲೋಟ ಎತ್ತಿ ತೋರಿಸಿದ.

“ಇದರಿಂದ ಹಾಲು ವಾಪಸ್ ತೆಗೀತೀರಾ ಮೇಡಂ?”

ಡೋಲು ಬೇರೆ, ಮಗ್ಗ ಬೇರೆ ಇರುವ ಮೂಲ ಸದ್ದು ಈ ಕೋಣೆಯಲ್ಲಿ ಮಾತ್ರ ಇತ್ತು. ತುಣುಕಿಲ್ಲದ ಪ್ರತಿಯನ್ನು ಯಾರಾದರೂ ಕೇಳಿದ್ದರೇ?

“ನಿಮ್ಮ ಭಾವನೇ ಅಲ್ವಾ? ಎರಡು ವಾರ ಆಯ್ತು. ಎಂಟು, ಒಂಬತ್ತು, ಹತ್ತು. ಸುಮ್ನೆ ಇರಲಿ ಅಂದ್ರು.” ಬೋರ್ಡಿಗೆ ಚುಚ್ಚಿದ್ದ ಚೀಟಿ ಕಿತ್ತುಕೊಟ್ಟ. ದುಂಡನೆಯ ಅಕ್ಷರ. ಅಕ್ಕನ ಮದುವೆಯ ಲಕೋಟೆಗಳ ಮೇಲೆ ವಿಳಾಸ ಬರೆದಿದ್ದ ಅದೇ ಕೈ.

ಮೇಡಂ ಮೆಟ್ಟಿಲ ಮೇಲೆ ಕೂತರು. ನಾಲ್ಕೂವರೆ. ಫೋನಿನಲ್ಲಿ ಅಕ್ಕನ ಸಂದೇಶವಿತ್ತು, ಭಾನುವಾರ ಊಟಕ್ಕೆ ಬಾ ಎಂದು. ಚೀಟಿ ತೀರ ಚಿಕ್ಕದು. ನಾಲ್ಕಾಗಿ ಮಡಿಸಿದರೆ ಮುಷ್ಟಿಯೊಳಗೆ ಕಾಣುವುದೇ ಇಲ್ಲ.

ಒಳಗೆ ಆ ಹೆಂಗಸು ಚೀಲ ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಮೇಡಂ ಎದ್ದರು.

\*

ಯಜಮಾನರ ಕೋಣೆಯಲ್ಲಿ, ಭಾವನ ಎದುರಿಗೇ, ಮೇಡಂ ಮಾತಾಡಿದ್ದು ನಾಲ್ಕು ನಿಮಿಷ.

ಸೋರಿದ ಪ್ರತಿ ಹದಿನೇಳರದ್ದಲ್ಲ. ಅದರ ಮೇಲೆ ಹದಿನೇಳನ್ನು ಹಾಕಲಾಗಿದೆ. ಸಂಖ್ಯೆ ಹಾಕುವುದು ಬಿಡುಗಡೆ ವಿಭಾಗ. ತುಣುಕಿಲ್ಲದ ಕಂತು ವಾರಕ್ಕೊಂದು ಬಿಡುವ ನಮಗೆ ಬೇಕಿಲ್ಲ. ಬೇಕಾಗುವುದು ಎಲ್ಲವನ್ನೂ ಒಟ್ಟಿಗೆ ಸುರಿಯುವವರಿಗೆ. ಅವರಿಗಾಗಿ ಸಿದ್ಧಮಾಡಿದ ಪ್ರತಿಯನ್ನೇ ಹೊರಗೆ ಬಿಡಲಾಗಿದೆ. ಕೊನೆ ಗೊತ್ತಾದ ಸರಣಿಗೆ ಯಾರೂ ಕಾಯುವುದಿಲ್ಲ. ಕಾಯಿಸದೆ ಸುರಿಯುವ ಎದುರಾಳಿಗೆ ಅದರಿಂದ ನಷ್ಟವಿಲ್ಲ. ಬೇಸತ್ತು ನಾವೇ ಅದನ್ನು ಅವರಿಗೆ ಕೊಟ್ಟುಬಿಡುತ್ತೇವೆ, ಇದೇ ಲೆಕ್ಕ.

ಚೀಟಿಯನ್ನು ಮೇಜಿನ ಮೇಲಿಟ್ಟರು.

ಭಾವ ಚೀಟಿಯನ್ನು ನೋಡಲೂ ಇಲ್ಲ. ನಾದಿನಿಯನ್ನು ನೋಡಿದರು.

“ಆ ತುಣುಕನ್ನ ಯಾರು ನೋಡ್ತಾರೆ ಪುಟ್ಟಿ? ಎಲ್ಲರೂ ಬಟನ್ ಒತ್ತಿ ದಾಟಿಸ್ತಾರೆ. ಹದಿನೇಳು ಹಾಕುವಾಗ ಅದು ಇದೆಯೋ ಇಲ್ಲವೋ ಅಂತ ನಾನೂ ನೋಡಲಿಲ್ಲ.”

ಯಜಮಾನರು ಯಾಕೆ ಎಂದು ಕೇಳಿದರು. ಭಾವ ಮುಚ್ಚಿಡಲಿಲ್ಲ. ಎದುರಾಳಿಯ ಭಂಡಾರಕ್ಕೆ ಮುಖ್ಯಸ್ಥನಾಗಿ ಬಾ ಎಂದಿದ್ದರಂತೆ, ಆದರೆ ಬರಿಗೈಯಲ್ಲಿ ಬೇಡ.

“ಈ ಕಂಪನಿ ಇನ್ನೆಷ್ಟು ದಿನ ಸರ್? ನಮ್ಮ ಹತ್ರ ಇರೋದು ಇದೊಂದೇ. ಅಲ್ಲಿಗೆ ಹೋದ್ರೆ ಅದೂ ಉಳಿಯುತ್ತೆ, ನಾನೂ ಉಳೀತೀನಿ.”

“ಈ ಅಮ್ಮನ್ನೇ ಯಾಕೆ ಆರಿಸಿದ್ರಿ ಭಾವ?”

“ಮನೇಲಿ ಕೂತು ಕೆಲಸ ಮಾಡೋಳು. ಆಫೀಸಲ್ಲಿ ಅರ್ಧ ಜನ ಮುಖಾನೇ ನೋಡಿಲ್ಲ. ಅವಳ ಪರವಾಗಿ ಕೇಳೋರು ಯಾರೂ ಇರಲ್ಲ ಅನ್ಕೊಂಡೆ.”

ಬಾಗಿಲ ಬಳಿ ಕೂತಿದ್ದ ಸಬ್‌ಟೈಟಲ್ ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

\*

ಐದು ಗಂಟೆಗೆ ದೂರು ಹೋಯಿತು, ಬೇರೆ ಹೆಸರಿನ ಮೇಲೆ. ಐದೂಕಾಲಿಗೆ ಯಜಮಾನರು ಇನ್ನೊಂದು ತೀರ್ಮಾನ ಮಾಡಿದರು. ಇನ್ನು ಕಾಯಿಸಿ ಫಲವಿಲ್ಲ. ಉಳಿದ ಮೂರೂ ಕಂತು ಇವತ್ತೇ ಏಳಕ್ಕೆ, ಒಟ್ಟಿಗೆ. ಒಟ್ಟಿಗೆ ಬಿಟ್ಟರೆ ಹಿಂದಿನ ತುಣುಕು ಬೇಡ. ತುಣುಕಿಲ್ಲದ ಪ್ರತಿ ಸಿದ್ಧವಾಗಿಯೇ ಇತ್ತು. ಭಾವ ಮಾಡಿಸಿದ್ದು.

ಅಡಿಬರಹವನ್ನಷ್ಟೇ ಸರಿಸಬೇಕಿತ್ತು. ಸಬ್‌ಟೈಟಲ್ ಅಮ್ಮ ಅಲ್ಲೇ ಕೂತು, ಮೂರೂ ಕಂತುಗಳಲ್ಲಿ ಪ್ರತಿ ಸಾಲನ್ನೂ ಅದರ ಜಾಗಕ್ಕೆ ಎಳೆದು ಕೊಟ್ಟಳು. ತೆಗೆದ ಹೆಸರನ್ನು ಮತ್ತೆ ಸೇರಿಸಲು ಯಂತ್ರಕ್ಕೆ ಇನ್ನೂ ಆರು ಗಂಟೆ ಬೇಕು. ಮುಂದಿನ ಸಲ ನೋಡೋಣ ಎಂದರು ಯಜಮಾನರು.

“ಬಿಡಿ ಮೇಡಂ” ಎಂದಳು ಆಕೆ, ಚೀಲದ ಬಾಯಿ ಕಟ್ಟುತ್ತ. “ಹೆಸರು ಬರೋ ಹೊತ್ತಿಗೆ ತೆರೆ ಚಿಕ್ಕದಾಗಿ ಮೂಲೆಗೆ ಹೋಗುತ್ತೆ. ಯಾರು ನೋಡ್ತಾರೆ?”

ಮರುದಿನ ಬೆಳಿಗ್ಗೆ ಅದೇ ಬಸ್ಸು. ಭಾನುವಾರದ ಊಟದ ಬಗ್ಗೆ ಅಕ್ಕನಿಂದ ಮತ್ತೆ ಮಾತಿಲ್ಲ. ಮೇಡಂ ಫೋನಿನಲ್ಲಿ ಹತ್ತನೆಯ ಕಂತಿನ ಕೊನೆಗೆ ಹೋದರು. ಹೆಸರುಗಳು ಶುರುವಾದವು. ಮುಂದಿನ ಕಾರ್ಯಕ್ರಮಕ್ಕೆ ಐದು, ನಾಲ್ಕು ಎಂದು ಎಣಿಕೆ ಇಳಿಯತೊಡಗಿತು. ಬೆರಳೊತ್ತಿ ನಿಲ್ಲಿಸಿದರು. ಮೂಲೆಯ ಪುಟ್ಟ ಚೌಕದಲ್ಲಿ ಅಕ್ಷರಗಳು ಇರುವೆಯಷ್ಟು.

ಅಡಿಬರಹ ಎಂಬ ಸಾಲು ಇರಲಿಲ್ಲ. ಬಿಡುಗಡೆ ಎಂಬ ಸಾಲು ಇತ್ತು. ಅದರ ಮುಂದೆ ಭಾವನ ಪೂರ್ತಿ ಹೆಸರಿತ್ತು. ಅದನ್ನು ತೆಗೆಯಲು ಯಾರಿಗೂ ಸಮಯ ಸಿಕ್ಕಿರಲಿಲ್ಲ.