ಹರಿವಾಣ ಹಿಡಿಯಲು ಬಂದವಳಲ್ಲ

ಹರಿವಾಣವನ್ನು ನನ್ನ ಕೈಗೆ ಕೊಟ್ಟಾಗ, ಬೇರೆ ಯಾರಿಗೋ ಕೊಡಬೇಕಾದದ್ದು ತಪ್ಪಿ ನನಗೆ ಬಂದಿದೆ ಎಂದುಕೊಂಡೆ. ಅದರಲ್ಲಿ ಮಡಚಿಟ್ಟ ಶಾಲು, ಗಂಧದ ಹಾರ, ಸೇಬು ಕಿತ್ತಳೆಗಳ ಬುಟ್ಟಿ. ಸ್ಟೇಜಿನ ಮೇಲೆ ಸಾಲಾಗಿ ಕುರ್ಚಿಗಳಿದ್ದವು. ಅವುಗಳಲ್ಲಿ ನನ್ನದು ಯಾವುದೆಂದು ನಾನು ಕಣ್ಣಲ್ಲೇ ಹುಡುಕುತ್ತಿದ್ದೆ.

"ನೀವು ಇಲ್ಲಿ ನಿಂತ್ಕೊಳ್ಳಿ ಸಿಸ್ಟರ್," ಎಂದರು ಬಳಗದ ಅಧ್ಯಕ್ಷ ಭೋಜರಾಜರು, ಪರದೆಯ ಪಕ್ಕದ ಮೂಲೆ ತೋರಿಸಿ. "ಹೆಸರು ಕರೆದ ಕೂಡ್ಲೆ ಹರಿವಾಣ ಮುಂದೆ ತನ್ನಿ. ಸ್ವಲ್ಪ ನಗಾಡ್ತಾ ಇರಿ ಆಯ್ತಾ, ಫೋಟೋ ತೆಗೀತಾರೆ."

ನಗಬೇಕಂತೆ!

ಅದು ಒಮಾನಿನ ಇಪ್ಪತ್ತನೆಯ ನ್ಯಾಷನಲ್ ಡೇ ನಡೆದ ವಾರ. ರಾಜಧಾನಿಯ ರೂವಿ ಬಡಾವಣೆಯ ಒಂದು ಶಾಲೆಯ ಹಾಲಿನಲ್ಲಿ ನಮ್ಮ ಕಾವೇರಿ-ನೇತ್ರಾವತಿ ಬಳಗದವರು 'ಈ ನಾಡು ಕಟ್ಟಿದ ನಮ್ಮವರು' ಎಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ನಾನು ಒಳನಾಡಿನ ರುಸ್ತಾಕ್ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸ್, ಸ್ವರ್ಣಲತಾ. ಊರು ಕಾಪು. ಹೆರಿಗೆ ಇಲ್ಲದ ದಿನ ಲಸಿಕೆಯ ಐಸ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಬೆಟ್ಟದ ಹಳ್ಳಿಗಳಿಗೆ ಹೋಗುತ್ತಿದ್ದವಳು. ವಾದಿಯಲ್ಲಿ, ಅಂದರೆ ಅಲ್ಲಿನ ಒಣಹಳ್ಳದಲ್ಲಿ, ನೀರು ಬಂದರೆ ಇಳಿಯುವವರೆಗೆ ಈಚೆ ದಡದಲ್ಲೇ ಕೂತಿರುತ್ತಿದ್ದೆ. ಗಂಡು ಡಾಕ್ಟರನ್ನು ಒಳಗೆ ಬಿಡದ ಮನೆಗಳಲ್ಲಿ ನಮ್ಮನ್ನು ಕೈಹಿಡಿದು ಒಳಗೆ ಕರೆದೊಯ್ದು, ಮೊದಲು ಖರ್ಜೂರ ತಿನ್ನಿಸಿ, ಆಮೇಲೆ ಬಾಣಂತಿಯನ್ನು ತೋರಿಸುತ್ತಿದ್ದರು.

ಸ್ಟೇಜಿಗೆ ಬನ್ನಿ ಎಂದು ಫೋನಿನಲ್ಲಿ ಕರೆದವರು ಚಲುವರಾಜು. ಬಳಗದ ಕಾರ್ಯದರ್ಶಿ.

"ಶುಕ್ರವಾರ ಸನ್ಮಾನ ಇದೆ ಕಣ್ರೀ. ನೀವು ಸ್ಟೇಜ್ ಮೇಲೆ ಇರ್ಲೇಬೇಕು. ರೇಷ್ಮೆ ಸೀರೆ ಉಟ್ಕೊಂಡು ಬನ್ನಿ," ಎಂದಿದ್ದರು. ಸನ್ಮಾನ, ಸ್ಟೇಜು, ರೇಷ್ಮೆ ಸೀರೆ. ಇಷ್ಟು ಕೇಳಿದ ಯಾವ ಹೆಣ್ಣಾದರೂ ಏನೆಂದುಕೊಳ್ಳುತ್ತಾಳೆ? ನಾನು ವಾರ್ಡಿಗೆಲ್ಲ ಹೇಳಿಕೊಂಡೆ. ರೂಂಮೇಟ್ ಸೋಫಿಯಾ, ಅವಳೂ ನರ್ಸ್, ಬಳಗದವಳೇ, ನನ್ನ ಸೀರೆಗೆ ಇಸ್ತ್ರಿ ಹಾಕಿದಳು. ಬಾಣಂತಿಯೊಬ್ಬಳ ಅತ್ತೆ ಅದಕ್ಕೆ ಲೋಬಾನದ ಹೊಗೆ ಹಿಡಿದು, ರಾಜನ ಮನೆಗೆ ಹೋಗುವವಳಂತೆ ನನ್ನನ್ನು ಕಳಿಸಿಕೊಟ್ಟಳು.

ಇನ್ನೂ ಒಂದು ಮಾತಿತ್ತು. ಆ ಶುಕ್ರವಾರವೇ ನಾನು ಚಲುವರಾಜುಗೆ ಉತ್ತರ ಕೊಡಬೇಕಿತ್ತು. ಮದುವೆಯ ಉತ್ತರ.

ಅವರು ಮೈಸೂರು ಕಡೆಯವರು, ಎಲೆಕ್ಟ್ರಿಕಲ್ ಇಂಜಿನಿಯರ್. ನಮ್ಮ ಆಸ್ಪತ್ರೆಯ ಲಸಿಕೆ ಫ್ರಿಜ್ ಕೆಟ್ಟಾಗ ಮೊದಲ ಸಲ ಬಂದಿದ್ದರು, ಅದೂ ತಡವಾಗಿ. ನಾನು ಬೈದದ್ದು ಬೈದದ್ದೇ.

"ಮಕ್ಕಳ ಮದ್ದು ಮಾರಾಯ್ರೆ ಇದು, ನಿಮ್ಮ ಐಸ್‌ಕ್ರೀಮ್ ಅಲ್ಲ!"

ಅವರು ನೆಲದ ಮೇಲೆ ಅಂಗಾತ ಮಲಗಿ ಫ್ರಿಜ್ಜಿನ ಹಿಂದೆ ಟಾರ್ಚ್ ಹಿಡಿದಿದ್ದರು. ಅಲ್ಲಿಂದಲೇ ಕತ್ತು ಹೊರಳಿಸಿ ನೋಡಿದರು. ಕೆನ್ನೆಗೆ ಮಸಿ ಹತ್ತಿತ್ತು. ರೆಪ್ಪೆಯ ಮೇಲೆ ಧೂಳು. ಆ ಧೂಳಿನ ಕೆಳಗಿನ ಕಣ್ಣು ಮಾತ್ರ ನಗುತ್ತಿತ್ತು.

"ಇನ್ನೂ ಸ್ವಲ್ಪ ಬೈತೀರಾ? ಕೆಲ್ಸ ಬೇಗ ಆಗ್ತಿದೆ."

ಆಮೇಲೆ ಆ ಫ್ರಿಜ್ ಚೆನ್ನಾಗಿಯೇ ನಡೆಯಿತು. ಆದರೂ ಅದನ್ನು ನೋಡಲು ಅವರು ರೂವಿಯಿಂದ ಮತ್ತೆ ಮತ್ತೆ ಬಂದರು. "ಆ ಫ್ರಿಜ್ಜನ್ನು ಇಷ್ಟು ಪ್ರೀತಿ ಮಾಡುವವರು ಒಮಾನಿನಲ್ಲೇ ಇಲ್ಲ," ಎಂದು ಸೋಫಿಯಾ ನನ್ನ ಸೊಂಟ ಚಿವುಟುತ್ತಿದ್ದಳು. ಒಂದು ದಿನ ಕ್ಯಾಂಟೀನಿನಲ್ಲಿ ಸುಲೈಮಾನಿ ಚಹಾದ ಗ್ಲಾಸನ್ನು ತಿರುಗಿಸುತ್ತಾ, ನನ್ನ ಮುಖ ನೋಡದೆ ಗ್ಲಾಸನ್ನೇ ನೋಡುತ್ತಾ ಕೇಳಿದರು, "ನನ್ನ ಮದ್ವೆ ಆಗ್ತೀರಾ?" ಕಿವಿಯ ತುದಿ ಕೆಂಪಾಗಿತ್ತು. ನನಗೆ ಆಗಲೇ ಹೂಂ ಎನ್ನುವ ಆಸೆ. ಆದರೂ ಬೇಕೆಂದೇ ಸತಾಯಿಸಿದೆ. "ಶುಕ್ರವಾರ ಹೇಳ್ತೇನೆ."

ಆ ಶುಕ್ರವಾರ ಇದು. ನಾನು ಮೂಲೆಯಲ್ಲಿ ಹರಿವಾಣ ಹಿಡಿದು ನಿಂತಿದ್ದೆ. ಮೈಕಿನ ಮುಂದೆ ಚಲುವರಾಜು.

"ಒಳನಾಡಿನ ಆರೋಗ್ಯ ಸೇವೆಗಾಗಿ," ಎಂದು ಓದಿದರು. ನಾನು ಹರಿವಾಣ ಕೆಳಗಿಡಲು ಜಾಗ ನೋಡಿದೆ. "ಶ್ರೀ ಹೊನ್ನಪ್ಪನವರು ಮತ್ತು ಶ್ರೀಮತಿ ಹೊನ್ನಪ್ಪ."

ಹೊನ್ನಪ್ಪ ಔಷಧಿ ಸಪ್ಲೈ ಮಾಡುವ ವ್ಯಾಪಾರಿ. ನನಗೆ ತಿಳಿದಂತೆ ರುಸ್ತಾಕ್‌ಗೆ ಅವರು ಬಂದದ್ದು ಒಮ್ಮೆ, ಕೋಟೆ ನೋಡಲು. ಅವರ ಹೆಂಡತಿ ಕಾಂತಾಮಣಿ ತಮ್ಮ ಫ್ಲಾಟಿನ ಹಾಲಿನಲ್ಲಿ ರೂವಿಯ ಮಕ್ಕಳನ್ನೆಲ್ಲ ಕೂರಿಸಿ ಕನ್ನಡ ಅಕ್ಷರ ಕಲಿಸುವವರು. ಅಂದು ಸಭೆಗೆ ಬಂದಿದ್ದ ಅರ್ಧ ಮಕ್ಕಳು ಅವರ ಶಿಷ್ಯರು. ಅವರಿಗೆ ಆ ಸ್ಟೇಜಿನಲ್ಲಿ ಹೆಸರೂ ಇರಲಿಲ್ಲ.

ನನ್ನ ಮೈ ಉರಿಯಿತು. ನಾನು ಮುಂದೆ ಹೋದೆ. ಹೊನ್ನಪ್ಪ ಶಾಲಿಗಾಗಿ ಆಗಲೇ ಭುಜ ಬಗ್ಗಿಸಿದ್ದರು. ನಾನು ಅವರನ್ನು ದಾಟಿ ಮೈಕಿನ ಹತ್ತಿರ ಹೋಗಿ ಹರಿವಾಣವನ್ನು ಚಲುವರಾಜು ಅವರ ಎದೆಗೆ ಒತ್ತಿದೆ.

"ನೀವೇ ಹಿಡ್ಕೊಳ್ಳಿ."

ಮೈಕಿಗೆ ಅದು ಕೇಳಿಸಿತ್ತು. ಇಡೀ ಹಾಲಿಗೂ ಕೇಳಿಸಿತು. ನಾನು ಮೆಟ್ಟಿಲಿಳಿದು ಹೊರಗೆ ಬಂದೆ. ಹಿಂದಿನಿಂದ ಚಲುವರಾಜು ಒಂದು ಗಳಿಗೆ ತಡವರಿಸಿ, ಮುಂದಿನ ಹೆಸರು ಓದಿದ್ದು ಕೇಳಿಸಿತು. ಓದಿದರು! ಅದೇ ನನಗೆ ತಡೆಯಲಾಗದೆ ಹೋದದ್ದು.

ಕಾರ್ಯಕ್ರಮ ಮುಗಿದ ಮೇಲೆ ಅವರು ಪಾರ್ಕಿಂಗಿಗೆ ಓಡಿ ಬಂದರು.

"ಕಮಿಟೀಲಿ ನಿಮ್ಮ ಹೆಸ್ರೇ ಮೊದ್ಲು ಹೇಳಿದ್ದು ನಾನು. ಒಪ್ಲಿಲ್ಲ ಕಣ್ರೀ. ಸ್ಟೇಜ್ ಮೇಲಾದ್ರೂ ಬರ್ಲಿ, ಜನ ನಿಮ್ಮನ್ನ ನೋಡ್ಲಿ ಅಂತ..."

"ಸ್ಟೇಜ್ ಮೇಲಾದ್ರೂ? ಕುರ್ಚಿ ಕೊಡ್ಲಿಕ್ಕೆ ಆಗ್ಲಿಲ್ಲ, ಹರಿವಾಣವಾದ್ರೂ ಕೊಡುವಾ ಅಂತ ನೀವೇ ಲೆಕ್ಕ ಹಾಕಿದ್ರಾ? ಆ ಭೋಜರಾಜರು ಮಾಡಿದ್ರೆ ನಾನು ಬೈದು ಸುಮ್ಮನಾಗ್ತಿದ್ದೆ. ನನ್ನನ್ನು ಬೇಕು ಅನ್ನುವವರು ನನ್ನನ್ನು ಇಷ್ಟಕ್ಕೆ ಇಳಿಸಿದ್ರಲ್ಲ, ಅದು ನೋವು."

ಅವರು ಬಾಯಿ ತೆರೆಯುವಷ್ಟರಲ್ಲಿ ಭೋಜರಾಜರೇ ಬಂದರು. ನನ್ನೂರಿನ ಕಡೆಯವರು, ಅಪ್ಪನ ವಯಸ್ಸು.

"ದಾನೆ ಮಗಾ ಇಂದು?" ಎಂದು ತುಳುವಿನಲ್ಲಿ ಶುರುಮಾಡಿ, ಚಲುವರಾಜುಗೂ ತಿಳಿಯಲೆಂದು ಕನ್ನಡಕ್ಕೆ ಬಂದರು. "ಎಂತ ಇದು? ನಮ್ಮಲ್ಲಿ ದಂಪತಿಯನ್ನು ಕೂರಿಸುವ ಕ್ರಮ. ಮದುವೆ ಆಗದ ಹೆಣ್ಣನ್ನು ಒಬ್ಬಳನ್ನೇ ಕುರ್ಚಿಯಲ್ಲಿ ಕೂರಿಸಿ ಶಾಲು ಹಾಕಿದ್ರೆ ಜನ ಎಂತ ಹೇಳ್ತಾರೆ? ಬೇಗ ಮದುವೆ ಆಗಿ. ಬರುವ ವರ್ಷ ಜೋಡಿಯಾಗಿ ಕರೀತೇವೆ, ಖಲಾಸ್."

ಹೆರಿಗೆ ಕೋಣೆಯಲ್ಲಿ ನಾನು ಯಾರ ಜೋಡಿಯಾಗಿ ನಿಂತಿದ್ದೆ? ವಾದಿಯ ದಡದಲ್ಲಿ ಯಾರ ಹೆಂಡತಿಯಾಗಿ ಕಾದಿದ್ದೆ? ಇವರು ನಾಡು ಕಟ್ಟಿದೆವು ಎಂದು ಎದೆ ತಟ್ಟಿಕೊಳ್ಳುತ್ತಾರೆ. ರಸ್ತೆ ಹಾಕಿದರಂತೆ, ಬಿಲ್ಡಿಂಗ್ ಎಬ್ಬಿಸಿದರಂತೆ. ಆ ರಸ್ತೆಯಲ್ಲಿ ನಡೆಯಲು ಮೊದಲು ಮಕ್ಕಳು ಬದುಕಿ ಉಳಿಯಬೇಕಲ್ಲ!

ನಾನು ಚಲುವರಾಜು ಕಡೆ ತಿರುಗಿದೆ.

"ನಿಮ್ಮ ಉತ್ತರ ಕೇಳಿ. ನನ್ನನ್ನು ನನ್ನ ಹೆಸರಿನಲ್ಲಿ, ಒಬ್ಬಳನ್ನೇ, ಆ ಕುರ್ಚಿಯಲ್ಲಿ ಕೂರಿಸುವವರೆಗೆ ನಾನು ಮದುವೆ ಆಗುವುದಿಲ್ಲ. ನಿಮ್ಮನ್ನೂ ಇಲ್ಲ, ಯಾರನ್ನೂ ಇಲ್ಲ."

ಟ್ಯಾಕ್ಸಿ ಹತ್ತಿ ರುಸ್ತಾಕ್‌ವರೆಗೂ ಅತ್ತೆ. ಕೋಪಕ್ಕೆ ಅತ್ತದ್ದು ಎಂದು ಸೋಫಿಯಾಳಿಗೆ ಹೇಳಿದೆ. ಸುಳ್ಳು. ಪ್ರೀತಿಗೂ ಅತ್ತಿದ್ದೆ.

ಮರುವಾರ ಅವರು ಬಂದರು. ಫ್ರಿಜ್ಜಿನ ನೆಪ ಹೇಳಲಿಲ್ಲ.

"ರಾಜೀನಾಮೆ ಕೊಟ್ಬಿಡ್ತೀನಿ. ಆ ಬಳಗದ ಸಹವಾಸವೇ ಬೇಡ," ಎಂದರು. ತ್ಯಾಗ ಮಾಡಿದವರ ಮುಖ.

"ಅದ್ರಿಂದ ನನಗೆ ಎಂತ ಉಪಕಾರ? ನಿಮ್ಮ ಜಾಗದಲ್ಲಿ ಭೋಜರಾಜರ ಭಾವಮೈದ ಬಂದು ಕೂತ್ಕೊಳ್ತಾನೆ, ಅಷ್ಟೆ. ಅಲ್ಲಿಯೇ ಇದ್ದು ಜಗಳ ಮಾಡ್ಲಿಕ್ಕೆ ಗೊತ್ತಿಲ್ವಾ ನಿಮಗೆ?"

"ನನಗೆ ಜಗಳ ಬರಲ್ಲ ಕಣ್ರೀ."

"ಕಲ್ತುಕೊಳ್ಳಿ. ನನ್ನ ಜೊತೆ ಬಾಳ್ಲಿಕ್ಕೆ ಹೇಗಿದ್ರೂ ಬೇಕಾಗ್ತದೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ತುಟಿಯ ಒಂದು ಬದಿ ಮಾತ್ರ ಮೇಲೇರಿತು. ಆ ಅರೆನಗುವಿಗೆ ನಾನು ಕರಗಿದೆ. ತೋರಿಸಿಕೊಳ್ಳಲಿಲ್ಲ.

ಜಗಳ ಬಾರದ ಮನುಷ್ಯ ಜಗಳ ಕಲಿತರು. ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು ಅದೇ ಪ್ರಶ್ನೆ ಕೇಳಿದರು: ನಮ್ಮ ನರ್ಸ್‌ಗಳು, ಟೀಚರ್‌ಗಳು ಈ ನಾಡು ಕಟ್ಟಿಲ್ಲವೇ? ಮೊದಲು ನಕ್ಕರು. 'ಮದುವೆಗೆ ಮೊದಲೇ ಹೆಂಡ್ತಿ ದಾಸ' ಎಂದು ಕರೆದರು. ಒಮ್ಮೆ ಅವರು ಮಾತಾಡುವಾಗ ಮೈಕ್ ಆಫ್ ಮಾಡಿದರಂತೆ. ಇಂಜಿನಿಯರ್ ಅಲ್ಲವೇ, ತಾವೇ ಹೋಗಿ ಆನ್ ಮಾಡಿಕೊಂಡು ಮುಂದುವರಿಸಿದರಂತೆ. ಇದನ್ನು ನನಗೆ ಹೇಳಿದವಳು ಸೋಫಿಯಾ. ಅವರು ಮಾತ್ರ ಒಂದನ್ನೂ ಹೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ರೂವಿಯ ಅಡುಗೆಮನೆಗಳಲ್ಲಿ ಬೇರೆಯೇ ಸಂಗತಿ ನಡೆದಿತ್ತು. ಗಂಡ ಸೋಫಾದಲ್ಲಿ ಕೂತು "ಒಂದು ಚಹಾ ತಾ" ಎಂದರೆ ಹೆಂಡತಿಯರು "ನೀವೇ ಹಿಡ್ಕೊಳ್ಳಿ" ಎನ್ನತೊಡಗಿದ್ದರಂತೆ. ಮೊದಲು ತಮಾಷೆಗೆ. ಆಮೇಲೆ ಅಷ್ಟೇನೂ ತಮಾಷೆಯಾಗಿರಲಿಲ್ಲ. ಯುಗಾದಿ ಕಾರ್ಯಕ್ರಮದ ದಿನ ಹರಿವಾಣ ಹಿಡಿಯಲು ಒಬ್ಬಳೂ ಸ್ಟೇಜ್ ಹತ್ತಲಿಲ್ಲ. ಹತ್ತದವರಲ್ಲಿ ಮೊದಲಿಗರು ಭೋಜರಾಜರ ಹೆಂಡತಿ ಉಮಾವತಿ. ಸಮಿತಿಯ ಗಂಡಸರು ಒಂದು ಕೈಯಲ್ಲಿ ಹರಿವಾಣ, ಇನ್ನೊಂದು ಕೈಯಲ್ಲಿ ಜಾರುವ ಪಂಚೆ ಹಿಡಿದು ಓಡಾಡಿದರಂತೆ. ಆ ದಿನ ನಾನು ಡ್ಯೂಟಿಯಲ್ಲಿದ್ದೆ. ಅದೊಂದನ್ನು ನೋಡಲಿಲ್ಲವಲ್ಲ ಎಂಬ ಸಂಕಟ ಇನ್ನೂ ಇದೆ.

ನವೆಂಬರ್ ಬಂತು. ಮತ್ತೆ ಅದೇ ಹಾಲು. ಮೈಕಿನಲ್ಲಿ ಉಮಾವತಿ ಅಮ್ಮ.

"ಸ್ವರ್ಣಲತಾ. ರುಸ್ತಾಕ್."

ಅಷ್ಟೇ. ಹಿಂದೆ ಮುಂದೆ ಯಾರ ಹೆಸರೂ ಇಲ್ಲ. ನಾನು ಹೋಗಿ ಕೂತೆ, ಒಬ್ಬಳೇ. ಜನ ಏನೂ ಹೇಳಲಿಲ್ಲ, ಚಪ್ಪಾಳೆ ತಟ್ಟಿದರು. ಸೋಫಿಯಾಳನ್ನು ಕರೆದರು. ಕಾಂತಾಮಣಿಯವರನ್ನು ಕಾಂತಾಮಣಿ ಎಂದೇ ಕರೆದರು. ಅವರು ಎದ್ದೇಳಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹೊನ್ನಪ್ಪನವರೇ ಕೈಹಿಡಿದು ಮೆಟ್ಟಿಲು ಹತ್ತಿಸಿ, ತಾವು ಕೆಳಗಿಳಿದರು.

ಎರಡು ಮಾತು ಆಡಿ ಎಂದರು. ನಾನು ಆಡಿದೆ.

"ನನಗೆ ಥ್ಯಾಂಕ್ಸ್ ಹೇಳುವ ಮನಸ್ಸಿಲ್ಲ. ಕೇಳಿ ತೆಗೆದುಕೊಂಡದ್ದಕ್ಕೆ ಎಂತ ಥ್ಯಾಂಕ್ಸ್? ಸಹಮ್‌ನ ಆಸ್ಪತ್ರೆಯಲ್ಲಿ ನಮ್ಮ ಉಳ್ಳಾಲದ ನಫೀಸತ್ ಇದ್ದಾರೆ, ವಾರ್ಡ್ ತೊಳೆಯುವವರು. ಅವರು ತೊಳೆಯದಿದ್ದರೆ ಅಲ್ಲಿ ಒಂದೂ ಆಪರೇಷನ್ ಆಗುವುದಿಲ್ಲ. ಅವರನ್ನು ಯಾರು ಕರೆದಿದ್ದೀರಿ?"

ಭೋಜರಾಜರು ಕರ್ಚೀಫ್ ತೆಗೆದು ಕನ್ನಡಕ ಒರೆಸಿಕೊಂಡರು. ಕಟ್ಟಕಡೆಯ ಸಾಲಿನಲ್ಲಿ ಒಬ್ಬರು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೆಂದು ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ಮನಸಾರೆ ನೋಡಿದೆ.

ಮಧ್ಯಾಹ್ನ ಊಟಕ್ಕೆ ಉದ್ದನೆಯ ಮೇಜುಗಳನ್ನು ಹಾಕಿದ್ದರು. ಹೆಂಗಸರ ಸಾಲಿಗೆ ಹೋಗದೆ ನಾನು ಬಾಗಿಲ ಹತ್ತಿರ, ಕುಟುಂಬಗಳಿಗೆಂದು ಇಟ್ಟ ಮೇಜಿಗೆ ಹೋಗಿ ಕೂತೆ. ಚಲುವರಾಜು ಬಂದು ಎದುರು ನಿಂತರು. ಹೊಸ ಶರ್ಟು. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದರು, ತೆಗೆದರು.

"ಏನೂ ಕೇಳುವುದಿಲ್ವಾ?" ಎಂದೆ.

"ಭಯ ಆಗುತ್ತೆ ಕಣ್ರೀ. ಕೋಪ ಇನ್ನೂ ಹೋಗಿಲ್ಲ ನಿಮಗೆ."

"ಅದು ಹೋಗುವುದಿಲ್ಲ. ನನ್ನ ಜೊತೆ ನಿಮ್ಮ ಮನೆಗೂ ಬರ್ತದೆ."

"ಬರ್ಲಿ. ಅದನ್ನ ನೋಡೇ ಅಲ್ವಾ ನಾನು ಬಿದ್ದದ್ದು," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಒಬ್ರೇ ಕೂತಿದ್ರಿ ಅಲ್ಲಿ. ಎಷ್ಟು ಚೆನ್ನಾಗಿತ್ತು ಗೊತ್ತಾ ನೋಡೋಕೆ," ಎಂದರು.

ನಾನು ಪಕ್ಕದ ಕುರ್ಚಿಯನ್ನು ಹೊರಗೆಳೆದೆ.

"ಒಬ್ಬಳೇ ಕೂರ್ಲಿಕ್ಕೆ ಗೊತ್ತಿರುವವಳ ಪಕ್ಕದಲ್ಲಿ ಕೂರುವ ಧೈರ್ಯ ಉಂಟಾ?"

"ಇದೆ."

"ಹಾಗಾದ್ರೆ ಬನ್ನಿ, ಕೂತ್ಕೊಳ್ಳಿ."

ಅವರು ಬಂದು ಕೂತರು. ಎಲ್ಲರೂ ನೋಡುತ್ತಿದ್ದರು. ನಾವು ಊಟ ಶುರುಮಾಡಿದೆವು.