ಉಸಿರು ಹಿಡೀರಿ

ಆಪರೇಷನ್ ಟೇಬಲ್ ಮೇಲೆ ಮಲಗಿದ್ದವನು ನನ್ನನ್ನು ನೋಡಿ ಆಡಿದ ಮೊದಲ ಮಾತು, “ಇಂದೂ, ಈ ಟೋಪಿ ನಿನಗ ಒಪ್ಪಂಗಿಲ್ಲ.”

ಮೂರು ವರ್ಷದ ಮೇಲೆ ಸಿಕ್ಕವನು ಆಡುವ ಮಾತೇ ಇದು? ಮೈಯೆಲ್ಲ ಉರಿಯಿತು. ಆದರೆ ಋಷಿಕೇಶನ ಕಣ್ಣು ಹಳದಿಯಾಗಿದ್ದವು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಲಿವರಿನಿಂದ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಕಟ್ಟಿಕೊಂಡಿದ್ದವು. ಇವತ್ತು ತೆರೆಯದಿದ್ದರೆ ಲಿವರ್ ಬದಲಿಸುವುದೊಂದೇ ದಾರಿ ಎಂದು ಡಾಕ್ಟರ್ ಅವಧೂತ ಬೆಳಿಗ್ಗೆಯೇ ಹೇಳಿದ್ದರು.

“ಮಾತು ಕಡಿಮಿ ಮಾಡ್ರಿ,” ಎಂದೆ.

“ನನಗ ರೀ ಅಂತಿ?”

“ಪೇಶಂಟಿಗೆಲ್ಲಾ ಹಂಗ ಅಂತೀನ್ರಿ.”

ನಕ್ಕ. ಹಾಳಾದ ನಗು, ಹಾಗೇ ಇದೆ.

ಮೂರು ವರ್ಷದ ಹಿಂದೆ ಮಗರಪಟ್ಟಾದ ಗಾರ್ಡನ್ನಿನಲ್ಲಿ ಹೀಗೇ ನಗುತ್ತ, “ದೀಪಾವಳಿ ಆದಮ್ಯಾಲೆ ಅವ್ವನ್ನ ಕರಕೊಂಡು ನಿಮ್ಮನಿಗೆ ಬರ್ತೀನಿ. ಅಲ್ಲೀತನಕ ಯಾರಿಗೂ ಹ್ಞೂಂ ಅನಬ್ಯಾಡ,” ಎಂದಿದ್ದ. ಬರಲಿಲ್ಲ. ಬರುವುದಿಲ್ಲ ಅಂತಲೂ ಹೇಳಲಿಲ್ಲ. ಅವನ ಮದುವೆಯ ಫೋಟೊ ಯಾರದೋ ಸ್ಟೇಟಸ್‌ನಲ್ಲಿ ನೋಡಿದೆ. ಆದರೂ ನಾನು ಬಂದ ಗಂಡುಗಳಿಗೆಲ್ಲ ಏನಾದರೊಂದು ಹುಳುಕು ಹುಡುಕುತ್ತಲೇ ಇದ್ದೆ. ಹುಚ್ಚಿ ಅನ್ನಿ, ಬೇಜಾರಿಲ್ಲ.

ಗಾಜಿನ ಗೋಡೆಯ ಈಚೆ, ಟೆಕ್ನಿಷಿಯನ್ ಕುರ್ಚಿಯಲ್ಲಿ, ಎಕ್ಸ್‌ರೇ ಸ್ಕ್ರೀನಿನ ಮುಂದೆ ಕೂತೆ. ನಾನು ತೋರಿಸುವ ಚಿತ್ರ ನೋಡಿಕೊಂಡೇ ಡಾಕ್ಟರ್ ಅವನ ಕುತ್ತಿಗೆಯ ನಾಳದಿಂದ ಲಿವರಿನವರೆಗೆ ತಂತಿ ಇಳಿಸಬೇಕು. ಉಸಿರಾಡಿದರೆ ಲಿವರ್ ಅಲುಗಾಡಿ ಚಿತ್ರ ಕೆಡುತ್ತದೆ. ಅದಕ್ಕೇ ನಾಳ ಕಾಣಲೆಂದು ಡೈ ಬಿಡುವಾಗ ಮೈಕಿನಲ್ಲಿ “ಉಸಿರು ಹಿಡೀರಿ” ಎನ್ನಬೇಕು, ಚಿತ್ರ ಬಂದೊಡನೆ “ಉಸಿರಾಡ್ರಿ” ಎನ್ನಬೇಕು. ದಿನವೂ ಮರಾಠಿಯಲ್ಲಿ ಹೇಳುವ ಮಾತು, ಇವತ್ತು ಕನ್ನಡದಲ್ಲೇ ಬಂತು.

ತಂತಿ ಮೂರು ಸಲ ಕಟ್ಟಿದ ಜಾಗಕ್ಕೆ ತಾಗಿ ವಾಪಸ್ ಬಂತು. ನಾಲ್ಕನೆಯ ಸಲ ದಾಟಿತು. ಬಲೂನ್ ಉಬ್ಬಿಸಿ ಸ್ಟೆಂಟ್ ಕೂರಿಸಿದರು.

“ಉಸಿರು ಹಿಡೀರಿ.”

ಡೈ ಸರಸರನೆ ಹೃದಯದವರೆಗೆ ಹರಿಯಿತು. ಬದುಕಿದ! ನಾನು ನೋಡುತ್ತ ಕೂತುಬಿಟ್ಟೆ.

“ಇಂದೂ, ಶ್ವಾಸ!” ಡಾಕ್ಟರ್ ಕೂಗಿದಾಗಲೇ ಎಚ್ಚರ. ನಾನು “ಉಸಿರಾಡ್ರಿ” ಅನ್ನಲೆಂದು ಅವನು ಇನ್ನೂ ಉಸಿರು ಹಿಡಿದೇ ಇದ್ದ.

ಸ್ಟ್ರೆಚರಿಗೆ ಹಾಕಿದಾಗ ಮೆಲ್ಲಗೆ ಅಂದ, “ಹಿಡೀರಿ ಅಂದಾಕಿ, ಬಿಡ್ರಿ ಅನ್ನೋದ ಮರತಿಯಲ್ಲ.”

“ನಾ ಅರ್ಧ ನಿಮಿಷ ಮರತೆ. ನೀ ಮೂರು ವರ್ಷ.”

ನಗು ಆರಿತು. “ಅಂಜಿದೆ, ಇಂದೂ. ಅವ್ವಗ ಎದುರಾಡಲಿಕ್ಕೆ ಧೈರ್ಯ ಆಗಲಿಲ್ಲ, ನಿನಗ ಹೇಳಲಿಕ್ಕೂ ಆಗಲಿಲ್ಲ. ಇನ್ನ ಕಾಯಬ್ಯಾಡ.”

ಹೊರಗೆ ಅವನ ಹೆಂಡತಿ ಓಡಿ ಬಂದಳು. ನಾಳ ತೆರೆಯಿತು ಎಂದು ಮರಾಠಿಯಲ್ಲಿ ಹೇಳಿದೆ. ನನ್ನ ಎರಡೂ ಕೈ ಹಿಡಿದು ಅತ್ತಳು. ಒಳ್ಳೆಯ ಹುಡುಗಿ. ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಟೋಪಿ ತೆಗೆದು ಕಸದ ಡಬ್ಬಿಗೆ ಹಾಕಿ ಅವ್ವನಿಗೆ ಫೋನ್ ಮಾಡಿದೆ.

“ಅವ್ವಾ, ವಾಕಡದ ಗಂಡಿನವರು ಐತವಾರ ನೋಡಲಿಕ್ಕೆ ಬರ್ತೀವಿ ಅಂದಿದ್ರಲ್ಲ, ಬರ್ಲಿ.”

“ಖರೇನ? ಮತ್ತ ದನಿ ಯಾಕ ಹಂಗಾಗೇದ?”

“ಏನಿಲ್ಲ,” ಎನ್ನಹೋದೆ. ಮೂರು ವರ್ಷ ಹಿಡಿದಿದ್ದ ಅಳು ಅಲ್ಲೇ ಬಂದುಬಿಟ್ಟಿತು.